ಕೆರೆ ಏರಿ ವಾಕಿಂಗ್ ಪಾತ್: ಎಸ್ಟಿಮೇಟ್‌ನಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಹೇಗೆ?

ನಮಸ್ಕಾರ. ಕೋಲಾರ ತಾಲ್ಲೂಕಿನಲ್ಲಿ ಒಂದು ಕೆರೆ ಏರಿ ಮೇಲೆ ವಾಕಿಂಗ್ ಪಾತ್ ಮಾಡುವ ಟೆಂಡರ್ ನಮಗೆ ಆಗಿದೆ. ಐಟಂ ರೇಟ್ ಟೆಂಡರ್, ಅಂದರೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ ದರ, ಅಳತೆ ಆದಷ್ಟಕ್ಕೆ ದುಡ್ಡು. ಪೇವರ್ ಬ್ಲಾಕ್, ಕರ್ಬ್ ಸ್ಟೋನ್, ರೇಲಿಂಗ್, ಇಷ್ಟೇ.

ತೊಂದರೆ ನೆಲದ್ದು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) 2018ರಲ್ಲಿ ಜಿಲ್ಲೆಗೆ ಬಂತಲ್ವಾ, ಈ ಕೆರೆಗೂ ಬರುತ್ತದೆ. ಮೊದಲೆಲ್ಲ ಬೇಸಿಗೆಯಲ್ಲಿ ಏರಿ ಗಟ್ಟಿಯಾಗಿರುತ್ತಿತ್ತು. ಈಗ ಒಂದು ಕಡೆ ಅರ್ಧ ಅಡಿ ಅಗೆದರೆ ಹಸಿ ಮಣ್ಣು, ಕಾಲಿಟ್ಟರೆ ಹೆಜ್ಜೆ ಗುರುತಿನಲ್ಲೇ ನೀರು ಜಿನುಗುತ್ತದೆ. ಅದರ ಮೇಲೆ ಸುಮ್ನೆ ಎಂ ಸ್ಯಾಂಡ್ ಹರಡಿ ಬ್ಲಾಕ್ ಕೂರಿಸಿದರೆ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ. ಮಣ್ಣು ತೆಗೆದು, ಗ್ರಾವೆಲ್ ತುಂಬಿ ರೋಲರ್ ಹೊಡೆಸಲೇಬೇಕು. ಅದು ಎಸ್ಟಿಮೇಟ್‌ನಲ್ಲಿ ಇಲ್ಲ.

ಇಂಜಿನಿಯರ್‌ಗೆ ಜಾಗ ತೋರಿಸಿದೆ. "ಮಾಡಿ ಸ್ವಾಮಿ, ಆಮೇಲೆ ಅಡ್ಜಸ್ಟ್ ಮಾಡೋಣ" ಅಂದರು. ಬರೆದು ಕೊಡಿ ಅಂದರೆ ಮಾತು ತೇಲಿಸುತ್ತಾರೆ. ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡಿದ್ದೇನೆ, ಉತ್ತರ ಬಂದಿಲ್ಲ. ತಾರೀಕು ಬೀಳುವ ಹಾಗೆ ಫೋಟೊ, ಲೆವೆಲ್ ಎಲ್ಲ ಇದೆ. ಆದರೆ ಬ್ಲಾಕ್ ಕೂರಿಸಿದ ಮೇಲೆ ಗ್ರಾವೆಲ್ ಎಷ್ಟು ಹಾಕಿದ್ದು ಅಂತ ಯಾರು ಅಳೆಯುತ್ತಾರೆ? ಇಂಜಿನಿಯರ್ ಅಳತೆ ಬರೆಯುವ ಎಂಬಿ ಬುಕ್‌ಗೆ (ಮೆಷರ್‌ಮೆಂಟ್ ಬುಕ್) ಹತ್ತದೆ ಬಿಲ್ ಆಗಲ್ಲ. ಜಿಎಸ್‌ಟಿ 18%, ಕಾರ್ಮಿಕ ಸೆಸ್ 1% ಹೋದ ಮೇಲೆ ಕೈಯಿಂದ ಹಾಕುವಷ್ಟು ಉಳಿಯುವುದಿಲ್ಲ.

ಒಬ್ಬರು ಈ ಕೆಲಸವನ್ನು ಎಕ್ಸ್‌ಟ್ರಾ ಐಟಂ (ಟೆಂಡರ್‌ನಲ್ಲಿ ಇಲ್ಲದ ಹೆಚ್ಚುವರಿ ಕೆಲಸ) ಅಂತ ಮಂಜೂರು ಮಾಡಿಸು ಅಂತಾರೆ. ಇನ್ನೊಬ್ಬರು ಪಾತ್ ಉದ್ದ ಕಡಿಮೆ ಮಾಡಿ ಅದೇ ಮೊತ್ತದಲ್ಲಿ ಮುಗಿಸು ಅಂತಾರೆ.

ಸರ್ಕಾರಿ ಕೆಲಸ ಮಾಡಿದವರು ಹೇಳಿ: ಇವೆರಡರಲ್ಲಿ ಯಾವುದಕ್ಕೆ ಬಿಲ್ ಸಲೀಸಾಗಿ ಆಗುತ್ತದೆ? ಗ್ರಾವೆಲ್ ಸುರಿಯುವ ಮುಂಚೆ ಯಾರ ಸಹಿ ಇರುವ ಯಾವ ಕಾಗದ ಕೈಯಲ್ಲಿರಬೇಕು?