ಪೋಸ್ಟ್‌ಡಾಕ್ ಬಿಟ್ಟು ವಿಸಿ (ಸ್ಟಾರ್ಟಪ್‌ಗಳಿಗೆ ಬಂಡವಾಳ ಹಾಕೋ ವೆಂಚರ್ ಕ್ಯಾಪಿಟಲ್) ಫಂಡ್ ಸೇರ್ಬೇಕು, ಎಂಬಿಎ ಮಾಡ್ಲೇಬೇಕಾ?

ಪೈಪೆಟ್_ಸಾಕಾಯ್ತು:
ಬೆಂಗಳೂರಲ್ಲೇ ಪ್ರೊಟೀನ್ ಇಂಜಿನಿಯರಿಂಗ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲಿನ ರಿಸರ್ಚ್) ಮಾಡ್ತಿದೀನಿ. ಫ್ಯಾಕಲ್ಟಿ ಪೋಸ್ಟಿಗೆ ಅಪ್ಲೈ ಮಾಡಿ ಮಾಡಿ ಬೇಜಾರಾಗಿದೆ, ಅದೂ ಅಲ್ದೆ ಒಂದೇ ಎನ್‌ಝೈಮ್ ಹಿಂದೆ ಬೀಳೋದಕ್ಕಿಂತ ಹತ್ತು ಥರ ಸೈನ್ಸ್ ನೋಡೋ ಕೆಲ್ಸ ಚೆನ್ನಾಗಿರತ್ತೆ ಅನ್ಸ್ತಿದೆ. ಡೀಪ್‌ಟೆಕ್ ಫಂಡ್‌ಗಳು, ಅಂದ್ರೆ ಲ್ಯಾಬ್ ಸೈನ್ಸ್‌ನಿಂದ ಹುಟ್ಟೋ ಕಂಪನಿಗಳಿಗೆ ದುಡ್ಡು ಹಾಕೋರು, ಪಿಎಚ್‌ಡಿ ಆದವ್ರನ್ನ ತಗೋತಾರಂತೆ. ಫೈನಾನ್ಸ್ ನಂಗೆ ಸೊನ್ನೆ. ಎಂಬಿಎ ಬೇಕಾ?

ಹಳೇ_ಬಯೋಕೆಮಿಸ್ಟ್:
ಬೇಡ. ಕ್ಯಾಪ್ ಟೇಬಲ್ (ಕಂಪನೀಲಿ ಯಾರ ಪಾಲು ಎಷ್ಟು ಅನ್ನೋ ಪಟ್ಟಿ), ಟರ್ಮ್ ಶೀಟ್ (ದುಡ್ಡು ಹಾಕೋ ಷರತ್ತುಗಳು) ಎಲ್ಲ ಕೆಲ್ಸ ಮಾಡ್ತಾ ಬರತ್ತೆ. ಕಷ್ಟ ಆಗೋದು ಬೇರೆ ಕಡೆ. ಲ್ಯಾಬಲ್ಲಿ ಇನ್ನೊಂದು ಕಂಟ್ರೋಲ್ (ಹೋಲಿಸಿ ನೋಡೋ ಪ್ರಯೋಗ) ಹಾಕಿ ನೋಡೋಣ ಅಂತೀವಲ್ಲ, ಫಂಡಲ್ಲಿ ಅರ್ಧ ಡೇಟಾ ಇಟ್ಕೊಂಡೇ ದುಡ್ಡು ಹಾಕೋಕೆ ಹೂಂ ಇಲ್ಲಾ ಊಹೂಂ ಅನ್ಬೇಕು, ಬಹಳ ಸಲ ಊಹೂಂನೇ. ಸೈನ್ಸ್ ನಿಜಾನಾ ಅನ್ನೋದು ಬರೀ ಶುರು, ಆಮೇಲೆ ಫ್ಲಾಸ್ಕಲ್ಲಿ ಬಂದ ಯೀಲ್ಡ್ ಸಾವಿರ ಲೀಟರ್ ಫರ್ಮೆಂಟರಲ್ಲೂ ಬರತ್ತಾ, ಪೇಟೆಂಟ್ ಇನ್‌ಸ್ಟಿಟ್ಯೂಟ್ ಹೆಸರಲ್ಲಿದ್ರೆ ಕಂಪನಿಗೆ ಲೈಸೆನ್ಸ್ ಸಿಕ್ಕಿದ್ಯಾ, ದುಡ್ಡು ಕೊಟ್ಟು ಕೊಳ್ಳೋರು ಯಾರು ಅಂತ ಹೋಗ್ತಾನೇ ಇರತ್ತೆ. ನಾಲ್ಕು ವರ್ಷ ಬೆವರು ಸುರಿಸಿದವ್ರಿಗೆ ಬೇಡ ಅಂತ ಮೇಲ್ ಬರೆಯೋದು ನಂಗಿನ್ನೂ ಹಿಂಸೆ.

ಕ್ಯಾರಿ_ಕನಸು:
ದುಡ್ಡಿನ ಆಸೆಗಾದ್ರೆ ಬರ್ಬೇಡಿ. ಫಂಡ್ ಆಯಸ್ಸು ಸಾಮಾನ್ಯವಾಗಿ 10 ವರ್ಷ, ಲಾಭದಲ್ಲಿ 20% ಆಸುಪಾಸು ಕ್ಯಾರಿ (ಫಂಡ್ ನಡೆಸೋರಿಗೆ ಸಿಗೋ ಪಾಲು), ಅದ್ರಲ್ಲಿ ದೊಡ್ಡ ಪಾಲು ಪಾರ್ಟ್ನರ್‌ಗಳಿಗೆ. ಹೊಸ ಔಷಧಿ ಮಾರ್ಕೆಟ್ಟಿಗೆ ಬರೋಕೇ ಎಷ್ಟೋ ಸಲ ಅಷ್ಟು ಟೈಮ್ ಸಾಲಲ್ಲ! ವಿಸಿ ಆಗಿ ಗೆದ್ದ ವಿಜ್ಞಾನಿ ಅಂತ ಎಲ್ರೂ ಕೋವಿಡ್ ಲಸಿಕೆ ಮಾಡಿದ ಮಾಡರ್ನಾ ಹಿಂದಿರೋ ನೂಬಾರ್ ಅಫೆಯಾನ್ ಹೆಸರು ಹೇಳ್ತಾರೆ, ಆದ್ರೆ ಅವ್ರು 1987ರಲ್ಲಿ ಎಂಐಟಿ ಪಿಎಚ್‌ಡಿ ಮುಗಿಸಿ ಮೊದ್ಲು ಕಂಪನಿ ಕಟ್ಟಿದ್ದು, ಫಂಡ್ ಅಲ್ಲ.

ಪೈಪೆಟ್_ಸಾಕಾಯ್ತು:
ಸರಿ ಸರ್, ಆದ್ರೆ ಕಂಪನಿ ಕಟ್ಟೋಷ್ಟು ಧೈರ್ಯ ಇಲ್ಲ. ಮಧ್ಯದ ದಾರಿ ಇದ್ಯಾ?

ಹಳೇ_ಬಯೋಕೆಮಿಸ್ಟ್:
ಇದೆ. ಬೆಂಗಳೂರಿನ ಸಿ-ಕ್ಯಾಂಪ್ ಥರದ, ಹೊಸ ಬಯೋಟೆಕ್ ಕಂಪನಿಗಳನ್ನ ಬೆಳೆಸೋ ಇನ್‌ಕ್ಯುಬೇಟರ್‌ನಲ್ಲಿ ಕೆಲ್ಸ ನೋಡಿ. ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆ ಬಯೋಟೆಕ್ ಐಡಿಯಾಗಳಿಗೆ ಕೊಡೋ ಬಿಗ್ ಗ್ರಾಂಟ್ ಇದ್ಯಲ್ಲ, 50 ಲಕ್ಷದವರೆಗೆ, 18 ತಿಂಗಳು, ಆ ಅರ್ಜಿಗಳನ್ನ ಓದ್ತಾ ಓದ್ತಾನೇ ಯಾವ್ದು ಬರೀ ಪೇಪರ್, ಯಾವ್ದು ಕಂಪನಿ ಆಗತ್ತೆ ಅಂತ ಕಣ್ಣು ಪಳಗತ್ತೆ. ಈಗ್ಲೇ ಮಾಡೋದಾದ್ರೆ ನಿಮ್ ಎನ್‌ಝೈಮ್ ಫೀಲ್ಡ್ ಬಗ್ಗೆ ಎರಡು ಪೇಜ್ ಮೆಮೊ ಬರೀರಿ, ಯಾವ ಕಂಪನಿಗೆ ದುಡ್ಡು ಹಾಕ್ತೀನಿ, ಯಾವ್ದಕ್ಕೆ ಹಾಕಲ್ಲ, ಯಾಕೆ. ರಿವ್ಯೂ ಪೇಪರ್ ಥರ ಎರಡೂ ಕಡೆ ಸವರಿ ಬರೆದ್ರೆ ಯಾರೂ ಓದಲ್ಲ.

ಪೈಪೆಟ್_ಸಾಕಾಯ್ತು:
ಬರೆದು ಯಾರಿಗ್ ಕಳ್ಸೋದು, ಪಾರ್ಟ್ನರ್‌ಗಾ?

ಹಳೇ_ಬಯೋಕೆಮಿಸ್ಟ್:
ಪಾರ್ಟ್ನರ್‌ಗಳ ಕೆಳಗೆ ಕೆಲ್ಸ ಮಾಡೋ ಅಸೋಸಿಯೇಟ್‌ಗಳಿಗೆ ಕಳ್ಸಿ, ಸಿವಿ ಬೇಡ. ಆ ಫೀಲ್ಡಲ್ಲಿ ಡೀಲ್ ಬಂದ್ರೆ ಮೊದ್ಲು ನಿಮ್ಗೇ ಫೋನ್ ಮಾಡ್ತಾರೆ.