ಸಹಾಯ ಬೇಕು: ಫ್ಲೋಟಿಂಗ್ ಮೆಟ್ಟಿಲಿಗೆ ಗಾಜಿನ ರೇಲಿಂಗ್ ಹೇಗೆ ಕೂರಿಸುವುದು?

ಎಲ್ಲರಿಗೂ ನಮಸ್ಕಾರ. ಫ್ಲೋಟಿಂಗ್ ಮೆಟ್ಟಿಲು, ಅಂದರೆ ಒಂದು ತುದಿ ಮಾತ್ರ ಗೋಡೆಗೆ ಕೂತು ಇನ್ನೊಂದು ತುದಿ ಆಧಾರವಿಲ್ಲದೆ ನಿಲ್ಲುವಂಥದ್ದು, ಮಾಡಿಸುತ್ತಿದ್ದೇವೆ. ಒಟ್ಟು ಎತ್ತರ 3060 ಮಿ.ಮೀ.; 170ರಂತೆ 18 ಏರು, 17 ಮೆಟ್ಟಿಲು, ಅಗಲ 900. ಬ್ಲಾಕ್ ಗೋಡೆ ಈ ಭಾರ ತಡೆಯುವುದಿಲ್ಲ, ಹಾಗಾಗಿ ಗೋಡೆಯೊಳಗೆ ಉಕ್ಕಿನ ಓರೆ ತೊಲೆ ಇಟ್ಟು ಅದಕ್ಕೇ ಮೆಟ್ಟಿಲ ಹಲಗೆ ಹೊರುವ ಬಾಕ್ಸ್ ಪೈಪ್ (ಚೌಕ ಉಕ್ಕಿನ ಕೊಳವೆ) ವೆಲ್ಡ್ ಮಾಡಿಸುತ್ತೇವೆ. ಹಲಗೆ 60 ಮಿ.ಮೀ. ದಪ್ಪ ಇಟ್ಟರೆ ಎರಡು ಹಲಗೆಗಳ ನಡುವಿನ ಸಂದು 110 ಆಗಿ ಮಗುವಿನ ತಲೆ ತೂರೀತು, ಅದಕ್ಕೇ ಹಲಗೆಯ ದಪ್ಪ 75 ಮಾಡಿದ್ದೇವೆ.

ಚಿಂತೆಯೆಲ್ಲ ಗಾಜಿನದು. 17.52 ಮಿ.ಮೀ. ಲ್ಯಾಮಿನೇಟೆಡ್ ಟಫನ್ಡ್ ಗಾಜನ್ನು (ಕಾಯಿಸಿ ಗಟ್ಟಿ ಮಾಡಿದ ಹಾಳೆಗಳನ್ನು ನಡುವೆ ಪದರವಿಟ್ಟು ಅಂಟಿಸಿದ್ದು) ಮೆಟ್ಟಿಲ ತುದಿಗೆ ಬೋಲ್ಟ್ ಮಾಡಿದರೆ, ಕಾಲಿಟ್ಟಾಗಲೆಲ್ಲ ತುದಿ ಬಾಗಿ ರಂಧ್ರದ ಅಂಚಿಗೇ ಒತ್ತಡ ಬೀಳುತ್ತದೆ. ಬಿರುಕು ಶುರುವಾಗುವುದೂ ಅಲ್ಲೇ. ಟಫನ್ ಆದಮೇಲೆ ರಂಧ್ರ ಹಿಗ್ಗಿಸಲೂ ಆಗದು. ನೈಲಾನ್ ಬುಷ್, ರಬ್ಬರ್ ವಾಷರ್ ಸಾಕೇ? ಅಥವಾ ಉದ್ದನೆಯ ಒಂದೇ ಗಾಜು ಬಿಟ್ಟು, ಎರಡು ಮೆಟ್ಟಿಲಿಗೊಂದರಂತೆ ಬಿಡಿ ಗಾಜು ಹಾಕಬೇಕೇ? ಮಾಡಿಸಿದವರು ರಂಧ್ರದ ಅಳತೆ ಎಷ್ಟಿಟ್ಟಿರಿ, ದಯವಿಟ್ಟು ತಿಳಿಸಿ.