ಚೇತನ್ ಸೀಟು, ದೊಡ್ಡಪ್ಪನ ಪೋಸ್ಟರ್

ದೊಡ್ಡಪ್ಪ: (ಫಾರ್ವರ್ಡ್ ಆದ ಪೋಸ್ಟರ್) "ವಿದೇಶದಲ್ಲಿ ಎಂಬಿಬಿಎಸ್! ನೀಟ್ ಬೇಡ! ಪಿಯುಸಿಯಲ್ಲಿ 50% ಸಾಕು! 4 ವರ್ಷ ಓದು + 1 ವರ್ಷ ಭಾರತದಲ್ಲೇ ಇಂಟರ್ನ್‌ಶಿಪ್. ಕೆಲವೇ ಸೀಟು ಬಾಕಿ!"
ಲತಾ, ನೋಡಮ್ಮ. ನಮ್ಮ ಚೇತನ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಲತಾ ಚಿಕ್ಕಮ್ಮ: ಹೌದಾ ಭಾವ? ಇವನು ನೀಟ್ ರಿಸಲ್ಟ್ ಬಂದಾಗಿನಿಂದ ರೂಮು ಬಿಟ್ಟು ಹೊರಗೆ ಬರುತ್ತಿಲ್ಲ.

ಸುಮಾ: ದೊಡ್ಡಪ್ಪ, ಇದನ್ನು ಬೇರೆ ಯಾರಿಗೂ ಕಳಿಸಬೇಡಿ. ನೀಟ್ ಪಾಸಾಗದೆ ಹೊರದೇಶಕ್ಕೆ ಹೋಗಿ ಎಂಬಿಬಿಎಸ್ ಮಾಡಿದರೆ ಇಲ್ಲಿ ಡಾಕ್ಟರ್ ಆಗಿ ಕೆಲಸ ಮಾಡುವ ಹಾಗಿಲ್ಲ. 2018ರಿಂದ ಇರುವ ನಿಯಮ ಇದು. 2025ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಿ ಎಂದಿದೆ.

ದೊಡ್ಡಪ್ಪ: ಅದಕ್ಕೇ ಅಲ್ವಾ ನೀಟ್ ಬೇಡದ ಕಡೆ ಹುಡುಕಿದ್ದು! 720ಕ್ಕೆ 190 ಬಂದಿದೆ. 50% ಎಂದರೆ 360 ಬೇಕು. ಹುಡುಗ ಫೇಲ್.

ಸುಮಾ: ಫೇಲ್ ಅಲ್ಲ ದೊಡ್ಡಪ್ಪ. ನೀಟ್‌ನಲ್ಲಿ ಕೇಳುವುದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಪರೀಕ್ಷೆ ಬರೆದವರಲ್ಲಿ ಅರ್ಧ ಜನರಿಗಿಂತ ಮುಂದೆ ಇದ್ದರೆ ಸಾಕು. 2025ರಲ್ಲಿ ಜನರಲ್‌ನವರಿಗೆ ಆ ಗೆರೆ ಬಿದ್ದಿದ್ದು 144ಕ್ಕೆ. ಚೇತನ್ ಪಾಸ್! 50% ಬೇಕಾಗಿರುವುದು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿಸಿ. ಅದೂ ಅವನಿಗೆ ಇದೆ.

ಲತಾ ಚಿಕ್ಕಮ್ಮ: ಪಾಸಾ?? ಹಾಗಾದರೆ ಸೀಟು ಸಿಗುತ್ತಾ?

ಸುಮಾ: ಚಿಕ್ಕಮ್ಮ, ಸುಳ್ಳು ಆಸೆ ಹುಟ್ಟಿಸಲ್ಲ. 190ಕ್ಕೆ ಸರ್ಕಾರಿ ಸೀಟು ಬರಲ್ಲ. ಪಾಸ್ ಆಗುವುದು ಬೇರೆ, ರ‍್ಯಾಂಕ್ ಬೇರೆ.

ದೊಡ್ಡಪ್ಪ: ನೋಡಿದ್ರಾ, ಸುತ್ತಿ ಸುತ್ತಿ ನನ್ನ ಮಾತಿಗೇ ಬಂದಳು. ಪಾಸ್ ಆಗಿದ್ದಾನೆ ಎಂದರೆ ಇನ್ನೂ ಒಳ್ಳೆಯದು, ಹೊರದೇಶಕ್ಕೆ ಕಳಿಸೋಣ. ಸುಮಾ, ನೀನು ಮೆರಿಟ್‌ನಲ್ಲಿ ಓದಿದವಳು, ಬೇರೆಯವರ ಕಷ್ಟ ನಿನಗೆ ಗೊತ್ತಾಗಲ್ಲ.

ಸುಮಾ: ಹೊರಗೆ ಓದುವುದೇ ತಪ್ಪು ಎಂದು ನಾನು ಎಲ್ಲಿ ಹೇಳಿದೆ? ನನ್ನ ಜೊತೆ ಡ್ಯೂಟಿ ಮಾಡುವ ಇಬ್ಬರು ಅಲ್ಲೇ ಓದಿ ಬಂದವರು, ಚೆನ್ನಾಗಿ ಕೆಲಸ ಮಾಡುತ್ತಾರೆ. ನಾನು ಹೇಳುತ್ತಿರುವುದು ಈ ಪೋಸ್ಟರ್ ವಿಷಯ. ಅದನ್ನು ಜೂಮ್ ಮಾಡಿ, "4 ವರ್ಷ" ಎಂದಿದೆಯಲ್ಲ, ಅಂದರೆ 48 ತಿಂಗಳು. 2021ರ ನಿಯಮದ ಪ್ರಕಾರ ಓದೇ ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷ್‌ನಲ್ಲಿ ನಡೆಯಬೇಕು, ಆಮೇಲೆ ಅದೇ ಕಾಲೇಜಿನಲ್ಲಿ 12 ತಿಂಗಳು ಇಂಟರ್ನ್‌ಶಿಪ್, ಅದು ಮುಗಿಸಿ ಇಲ್ಲಿಗೆ ಬಂದು ಎಫ್‌ಎಂಜಿಇ ಪರೀಕ್ಷೆಯಲ್ಲಿ (ಹೊರದೇಶದಲ್ಲಿ ಓದಿದವರು ಇಲ್ಲಿ ಡಾಕ್ಟರ್ ಆಗಲು ಬರೆಯುವ ಪರೀಕ್ಷೆ) 300ಕ್ಕೆ 150 ತೆಗೆಯಬೇಕು, ಮತ್ತೆ ಇಲ್ಲೂ 12 ತಿಂಗಳು ಇಂಟರ್ನ್‌ಶಿಪ್. ಇವರು ಅಲ್ಲಿಯ ಇಂಟರ್ನ್‌ಶಿಪ್ಪನ್ನೇ ನುಂಗಿಬಿಟ್ಟಿದ್ದಾರೆ! ಅಷ್ಟು ದುಡ್ಡು ಸುರಿದು ಬಂದ ಮೇಲೆ ಇಲ್ಲಿ ಲೈಸೆನ್ಸ್ ಸಿಗಲ್ಲ.

ರಘು ಮಾವ: ಇಲ್ಲಿ ಲೈಸೆನ್ಸ್ ಕೊಡುವವರು ಏನು ಕೇಳುತ್ತಾರೆ ಎಂದು ಮೊದಲು ನೋಡಬೇಕು. ಅಲ್ಲಿ ಸೇರಿಸಿಕೊಳ್ಳುವವರಿಗೆ ಏನು, ಫೀಸು ಕಟ್ಟಿದರೆ ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ.

ದೊಡ್ಡಪ್ಪ: ಆ ಏಜೆಂಟ್ ತುಂಬ ಒಳ್ಳೆಯ ಮನುಷ್ಯ. ಎಲ್ಲ ಅಡ್ಜಸ್ಟ್ ಆಗುತ್ತೆ ಎಂದರು.

ಸುಮಾ: ಎಲ್ಲಿ ಅಡ್ಜಸ್ಟ್ ಆಗುತ್ತೆ, ಗೆಜೆಟ್‌ನಲ್ಲಾ? 🙏

ಚೇತನ್: ನನ್ನನ್ನು ಒಂದು ಮಾತು ಕೇಳುತ್ತೀರಾ ಯಾರಾದರೂ? ನಾನು ಇನ್ನೊಂದು ಸಲ ನೀಟ್ ಬರೆಯುತ್ತೇನೆ. ಫಿಸಿಕ್ಸ್‌ನಲ್ಲಿ ಗೊತ್ತಿಲ್ಲದಿದ್ದರೂ ಸುಮ್ನೆ ಗುರುತು ಹಾಕಿದೆ, ತಪ್ಪಿಗೆ ಒಂದೊಂದು ಮಾರ್ಕ್ಸ್ ಹೋಯಿತು.

ದೊಡ್ಡಪ್ಪ: ಒಂದು ವರ್ಷ ದಂಡ! ವಯಸ್ಸು ಮೀರಲ್ವಾ?

ಸುಮಾ: ಮೀರಲ್ಲ. ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು, ಮೇಲಿನ ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಚೇತನ್, ಈ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವ ಕೌನ್ಸೆಲಿಂಗ್ ಮಾತ್ರ ಬಿಡಬೇಡ. ಡೆಂಟಲ್, ಆಯುರ್ವೇದಕ್ಕೂ ಇದೇ ನೀಟ್ ನಡೆಯುತ್ತೆ. ಏನು ಸಿಗುತ್ತೆ ನೋಡಿಕೊಂಡು ತೀರ್ಮಾನ ಮಾಡು. ದಾಖಲೆ ಪರಿಶೀಲನೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಬೇಕು, ಹತ್ತಿರ ಇಟ್ಟುಕೊಂಡಿರು.

ಚೇತನ್: ಅದು ದೊಡ್ಡಪ್ಪನ ಹತ್ತಿರ ಇದೆ.

ಲತಾ ಚಿಕ್ಕಮ್ಮ: ಭಾವ?

ಲತಾ ಚಿಕ್ಕಮ್ಮ: ಭಾವ, ಜೆರಾಕ್ಸ್ ಮಾಡಿಸಬೇಕು ಎಂದು ತೆಗೆದುಕೊಂಡು ಹೋಗಿದ್ದು ಅಲ್ವಾ?

ದೊಡ್ಡಪ್ಪ: ಏಜೆಂಟ್ ಆಫೀಸಿನಲ್ಲಿದೆ. ಸೀಟ್ ಬ್ಲಾಕ್ ಮಾಡಲು ಒರಿಜಿನಲ್ಲೇ ಬೇಕು ಎಂದರು. ಎಲ್ಲಿಗೂ ಹೋಗಲ್ಲ ಬಿಡಮ್ಮ, ನಾಳೆ ಕೇಳಿ ತರುತ್ತೇನೆ.

ರಘು ಮಾವ: ಒಬ್ಬರೇ ಹೋಗಬೇಡಿ ಭಾವ. ಹೋದರೆ ಇನ್ನೊಂದು ಪೋಸ್ಟರ್ ಹಿಡಿದುಕೊಂಡು ಬರುತ್ತೀರಿ. ಆಫೀಸು ತೆಗೆಯುವ ಹೊತ್ತಿಗೆ ನಾನೂ ಬರುತ್ತೇನೆ, ವಿಳಾಸ ಹಾಕಿ.